ಕಾರ್ಸಿಕಾದ ಪಾವೊಲಿ

ಡಾಕ್ಟರ್ ಜಾನ್ಸನ್ನನ ಜೀವನಚರಿತ್ರೆಯನ್ನು ನಾನು ಮೊದಲು ಓದಿದ್ದು ಬಿ.ಎ. ತರಗತಿಯಲ್ಲಿದ್ದಾಗ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡಿದ್ದ ನನಗೆ ಆ ದಪ್ಪ ಗ್ರಂಥ ಪಠ್ಯವೇನೂ ಆಗಿರಲಿಲ್ಲ. ಜೀವನಚರಿತ್ರೆಯೆಂಬ ಸಾಹಿತ್ಯಪ್ರಕಾರದ ಮರ್ಮವನ್ನು ತಿಳಿಯಬೇಕಾದರೆ ಬಾಸ್ವೆಲ್ಲನನ್ನು ಓದಲೇಬೇಕೆಂದು ಗುರುಗಳೊಬ್ಬರು ಹೇಳಿದ್ದರಿಂದ ಗ್ರಂಥಾಲಯದಿಂದ ತಂದಿದ್ದೆ. ಅದರ ಪುಟಗಳಲ್ಲಿ ಅಲ್ಲಲ್ಲಿ ಜನರಲ್ ಪಾವೊಲಿ ಎಂಬ ಹಿರಿಯ ಗೃಹಸ್ಥನೊಬ್ಬ ಕಾಣಿಸಿಕೊಳ್ಳುತ್ತಿದ್ದ. ಸಭ್ಯ, ಬಹುಶ್ರುತ, ಮನೆಗೆ ಬಂದವರಿಗೆ ಔತಣವಿಕ್ಕುವ ಉದಾರಿ. ಜಾನ್ಸನ್ನನ ಸುತ್ತ ನೆರೆಯುತ್ತಿದ್ದ ಅನೇಕ ಅತಿಥಿಗಳಲ್ಲಿ ಇವನೂ ಒಬ್ಬನೆಂದುಕೊಂಡು ಪುಟ ತಿರುವಿದ್ದೆ. ಆ ಔತಣದ ಮೇಜಿನ ಬಳಿ ಕುಳಿತಿದ್ದವನು ಒಂದು ಕಾಲಕ್ಕೆ ಒಂದು ನಾಡನ್ನು ಕಟ್ಟಿ, ಅದನ್ನು ಕಳೆದುಕೊಂಡು ಬಂದವನೆಂಬುದು ನನಗೆ ತಿಳಿದದ್ದು ಹಲವು ವರ್ಷಗಳ ತರುವಾಯ, ರೂಸೋವನ್ನು ಓದುವಾಗ.

ಈಚೆಗೆ ತರಗತಿಯಲ್ಲಿ ಜೀವನಚರಿತ್ರೆಯ ವಿಚಾರ ಬಂದಾಗ ಪಾವೊಲಿಯ ಕಥೆಯನ್ನು ಸಂಗ್ರಹವಾಗಿ ಹೇಳಿದೆ. ಕೇಳುತ್ತಿದ್ದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಎರಡು ಸಲ ಸೋತು ಪರದೇಶದಲ್ಲಿ ಸತ್ತವನ ಚರಿತ್ರೆಯಿಂದ ನಾವು ಕಲಿಯಬೇಕಾದದ್ದೇನು ಎಂದು ಕೇಳಿದ. ಅದು ಉದ್ಧಟತನದ ಪ್ರಶ್ನೆಯಾಗಿರಲಿಲ್ಲ. ಗಂಟೆ ಬಾರಿಸಿದ್ದರಿಂದ ನಾನು ಪಾರಾದೆನಾದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಲೇಖನ ಆ ವಿದ್ಯಾರ್ಥಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಭೂಮಧ್ಯ ಸಮುದ್ರದಲ್ಲಿ, ಇಟಲಿಗೆ ಪಶ್ಚಿಮದಲ್ಲಿ, ಸಾರ್ಡಿನಿಯಾದ ನೆತ್ತಿಯ ಮೇಲೆ ಕಾರ್ಸಿಕಾ ದ್ವೀಪವಿದೆ. ಉದ್ದ ಸುಮಾರು 180 ಕಿಲೋಮೀಟರು. ಅಗಲ ಅದರ ಅರ್ಧದಷ್ಟೂ ಇಲ್ಲ. ನೀರಿನಿಂದಲೇ ಮೇಲೆದ್ದಂತೆ ಕಾಣುವ ಬೆಟ್ಟಗಳು, ಇಳಿಜಾರುಗಳಲ್ಲಿ ಚೆಸ್ಟ್‌ನಟ್ ಮರಗಳ ತೋಪುಗಳು, ಕಣಿವೆಗೊಂದರಂತೆ ಹಳ್ಳಿಗಳು. ಬಡವನ ರೊಟ್ಟಿ ಆ ಮರದ ಕಾಯಿಯ ಹಿಟ್ಟಿನದು. ಹದಿನೆಂಟನೆಯ ಶತಮಾನದ ನಡುವೆ ಅಲ್ಲಿದ್ದ ಜನ ಸುಮಾರು ಒಂದೂಕಾಲು ಲಕ್ಷ. ಒಡೆತನ ಜಿನೋವಾ ಗಣರಾಜ್ಯದ್ದು. ಜಿನೋವಾ ತನ್ನ ನಗರದಲ್ಲಿ ಗಣರಾಜ್ಯ; ಕಾರ್ಸಿಕಾದಲ್ಲಿ ಮಾತ್ರ ನಿರಂಕುಶ ಒಡೆಯ. ಉನ್ನತ ಅಧಿಕಾರಗಳು ದ್ವೀಪದವರಿಗೆ ನಿಲುಕುತ್ತಿರಲಿಲ್ಲ. ಬಾಸ್ತಿಯಾ ಪಟ್ಟಣದಲ್ಲಿ ಕುಳಿತ ಗವರ್ನರನಿಗೆ ಇದ್ದ ಒಂದು ಅಧಿಕಾರವಂತೂ ಇಂದು ಕೇಳುವವರಿಗೆ ಸೋಜಿಗವೆನಿಸೀತು. ಸಾಕ್ಷಿ, ವಿಚಾರಣೆ ಯಾವುದೂ ಇಲ್ಲದೆ, ತನ್ನ ಅಂತಃಕರಣಕ್ಕೆ ತೋರಿದ್ದನ್ನೇ ಆಧಾರವಾಗಿಟ್ಟುಕೊಂಡು ಆತ ಯಾರಿಗಾದರೂ ಶಿಕ್ಷೆ ವಿಧಿಸಬಹುದಾಗಿತ್ತು. ಆಪಾದನೆ ಏನೆಂಬುದನ್ನು ಅರಿಯುವ ಹಕ್ಕೂ ಆಪಾದಿತನಿಗಿರಲಿಲ್ಲ.

ನ್ಯಾಯಾಲಯದಲ್ಲಿ ನ್ಯಾಯ ದೊರೆಯದ ಕಡೆ ಮನುಷ್ಯ ತನ್ನ ನ್ಯಾಯವನ್ನು ತಾನೇ ಮಾಡಿಕೊಳ್ಳತೊಡಗುತ್ತಾನೆ. ಕಾರ್ಸಿಕಾದಲ್ಲಿ ಆದದ್ದೂ ಅದೇ. ಕೊಲೆಯಾದವನ ಅಣ್ಣತಮ್ಮಂದಿರು ಕೊಂದವನ ಮನೆಯವರನ್ನು ಹುಡುಕಿ ಕೊಲ್ಲುವುದು, ಅದಕ್ಕೆ ಪ್ರತಿಯಾಗಿ ಮತ್ತೊಂದು ಕೊಲೆ, ಹೀಗೆ ಹಗೆ ತಲೆಮಾರಿನಿಂದ ತಲೆಮಾರಿಗೆ ಆಸ್ತಿಯಂತೆ ಇಳಿದು ಬರುತ್ತಿತ್ತು. ಸೇಡು ತೀರಿಸಿಕೊಳ್ಳದವನಿಗೆ ಊರಿನಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ.

1729ರಲ್ಲಿ ತೆರಿಗೆಯ ವಿಚಾರವಾಗಿ ಬೆಟ್ಟದ ಹಳ್ಳಿಗಳಲ್ಲಿ ಎದ್ದ ಗಲಭೆ ನಾಡಿನ ದಂಗೆಯಾಯಿತು. ಅದರ ನಾಯಕರಲ್ಲಿ ಜಿಯಾಚಿಂತೋ ಪಾವೊಲಿ ಒಬ್ಬ. ಆತನ ಕಿರಿಯ ಮಗ ಪಾಸ್ಕ್ವಾಲೆ ಹುಟ್ಟಿದ್ದು ಮೊರೊಸಾಲ್ಯಾ ಎಂಬ ಹಳ್ಳಿಯಲ್ಲಿ, 1725ರ ಏಪ್ರಿಲ್ 6ರಂದು. ಜಿನೋವಾದ ನೆರವಿಗೆ ಬಂದ ಫ್ರೆಂಚ್ ಸೇನೆ ದಂಗೆಯನ್ನು ಹತ್ತಿಕ್ಕಿದಾಗ, 1739ರಲ್ಲಿ, ಜಿಯಾಚಿಂತೋ ಹದಿನಾಲ್ಕು ವರ್ಷದ ಈ ಮಗನನ್ನು ಕರೆದುಕೊಂಡು ನೇಪಲ್ಸ್ ನಗರಕ್ಕೆ ವಲಸೆ ಹೋದ. ಹೀಗೆ ಪಾವೊಲಿಯ ಬಾಳಿನಲ್ಲಿ ದೇಶಭ್ರಷ್ಟತೆ ಬಾಲ್ಯದಲ್ಲಿಯೇ ಆರಂಭವಾಯಿತು.

ನೇಪಲ್ಸ್ ಅವನಿಗೆ ಎರಡು ಶಿಕ್ಷಣಗಳನ್ನು ಕೊಟ್ಟಿತು. ಒಂದು, ಸೈನ್ಯದ ಕಿರಿಯ ಅಧಿಕಾರಿಯ ಶಿಸ್ತು; ಇನ್ನೊಂದು, ಗ್ರಂಥಗಳ ಸಹವಾಸ. ಅರ್ಥಶಾಸ್ತ್ರಜ್ಞನೆಂದು ಮುಂದೆ ಯೂರೋಪಿನಲ್ಲೆಲ್ಲ ಹೆಸರಾದ ಆಂತೋನಿಯೋ ಜೆನೋವೇಸಿಯ ಉಪನ್ಯಾಸಗಳನ್ನು ಕೇಳಿದ. ಪ್ಲುಟಾರ್ಕನ ಮಹಾಪುರುಷರ ಚರಿತ್ರೆಗಳನ್ನು ಓದಿದ. ಕಾನೂನಿನ ಮೂಲಸ್ವರೂಪವನ್ನು ಕುರಿತು ಮಾಂಟೆಸ್ಕ್ಯೂ ಬರೆದ ಗ್ರಂಥವನ್ನು ಕಳುಹಿಸಿಕೊಡುವಂತೆ ತಂದೆಗೆ ಪತ್ರ ಬರೆದ. ಕತ್ತಿ ಹಿಡಿದ ನಾಯಕರು ಕಾರ್ಸಿಕಾಕ್ಕೆ ಹೊಸಬರಲ್ಲ. ಕಾನೂನನ್ನು ಕುರಿತು ಚಿಂತಿಸಿದ ನಾಯಕ ಮಾತ್ರ ಇವನೇ ಮೊದಲಿಗ.

1753ರಲ್ಲಿ ದಂಗೆಯ ನಾಯಕ ಗಾಫೋರಿ ಜಿನೋವಾದ ಸಂಚಿಗೆ ಬಲಿಯಾದ. ಕೊಂದವರ ಗುಂಪಿನಲ್ಲಿ ಅವನ ಒಡಹುಟ್ಟಿದವನೂ ಇದ್ದ. ನಾಯಕನಿಲ್ಲದ ನಾಡು ಪಾವೊಲಿಯನ್ನು ಕರೆಯಿತು. 1755ರ ಏಪ್ರಿಲ್‌ನಲ್ಲಿ ಬಂದಿಳಿದವನನ್ನು ಜುಲೈ ತಿಂಗಳಲ್ಲಿ ಮಹಾಸಭೆ ದಂಡನಾಯಕನನ್ನಾಗಿ ಚುನಾಯಿಸಿತು. ಆಗ ಅವನಿಗೆ ಮೂವತ್ತು ವರ್ಷ. ಅದೇ ನವೆಂಬರಿನಲ್ಲಿ ದ್ವೀಪದ ನಡುವೆ ಬಂಡೆಯ ಮೇಲೆ ಕುಳಿತಿರುವ ಕೊರ್ತೆ ಪಟ್ಟಣದಲ್ಲಿ ಮಹಾಸಭೆ ಮತ್ತೆ ಸೇರಿ ಒಂದು ಸಂವಿಧಾನವನ್ನು ಅಂಗೀಕರಿಸಿತು. ಕಾರ್ಸಿಕಾದ ಜನತೆ ತನಗೆ ತಾನೇ ನ್ಯಾಯವಾದ ಒಡೆಯನೆಂದೂ, ಮರಳಿ ಪಡೆದ ಸ್ವಾತಂತ್ರ್ಯಕ್ಕೆ ಶಾಶ್ವತವಾದ ರೂಪ ಕೊಡಲು ಈ ಏರ್ಪಾಡೆಂದೂ ಅದರ ಪೀಠಿಕೆ ಸಾರಿತು. ಅಮೆರಿಕದ ಸಂವಿಧಾನ ರಚನೆಯಾಗಲು ಇನ್ನೂ 32 ವರ್ಷಗಳಿದ್ದವು. ಫ್ರಾನ್ಸಿನ ಕ್ರಾಂತಿಗೆ 34 ವರ್ಷಗಳು. ಅರಸರೇ ಭಗವಂತನ ಪ್ರತಿನಿಧಿಗಳೆಂದು ನಂಬಿದ್ದ ಯೂರೋಪಿನಲ್ಲಿ, ಭೂಪಟದಲ್ಲಿ ಹುಡುಕಿ ನೋಡಬೇಕಾದ ಒಂದು ದ್ವೀಪದ ಕುರಿಗಾಹಿಗಳೂ ರೈತರೂ ಈ ಮಾತನ್ನಾಡಿದರು.

ಏರ್ಪಾಡು ಸರಳವಾಗಿತ್ತು. ಇಪ್ಪತ್ತೈದು ವರ್ಷ ದಾಟಿದ ಗಂಡಸರು ತಮ್ಮ ಹಳ್ಳಿಯ ಮುಖ್ಯಸ್ಥನನ್ನು ಆರಿಸುತ್ತಿದ್ದರು. ವರ್ಷಕ್ಕೊಮ್ಮೆ ಸೇರುವ ಮಹಾಸಭೆಗೆ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದರು. ತೆರಿಗೆ, ಶಾಸನ, ಯುದ್ಧ ಇವು ಸಭೆಯ ಅಧೀನ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದ ವ್ಯವಸ್ಥೆ ಇನ್ನೊಂದು. ಸಭೆ ನೇಮಿಸಿದ ಕೆಲವರು ಊರಿಂದೂರಿಗೆ ಸಂಚರಿಸಿ, ಅಧಿಕಾರಿಗಳ ಮೇಲೆ ಜನರಿಗೇನಾದರೂ ದೂರಿದ್ದರೆ ಕೇಳಿ, ತಪ್ಪಿತಸ್ಥರನ್ನು ದಂಡಿಸುತ್ತಿದ್ದರು. ಹಿಂದೆ ಗವರ್ನರನ ಅಂತಃಕರಣಕ್ಕೆ ಪ್ರಜೆ ಉತ್ತರ ಹೇಳಬೇಕಾಗಿತ್ತು. ಈಗ ಅಧಿಕಾರಿಯೇ ಪ್ರಜೆಗೆ ಉತ್ತರ ಹೇಳುವಂತಾಯಿತು.

ಆದರೆ ಹಕ್ಕಿಗೆ ಒಂದು ಬೆಲೆಯುಂಟು. ನ್ಯಾಯಾಲಯ ನಿಲ್ಲಬೇಕಾದರೆ ಪ್ರತಿಯೊಬ್ಬನೂ ತನ್ನ ಸೊಂಟದ ಚೂರಿಯ ನ್ಯಾಯವನ್ನು ಬಿಟ್ಟುಕೊಡಬೇಕು. ಪಾವೊಲಿ ಈ ಬೆಲೆಯನ್ನು ನಿರ್ದಾಕ್ಷಿಣ್ಯವಾಗಿ ವಸೂಲು ಮಾಡಿದ. ಸೇಡಿಗಾಗಿ ಕೊಂದವನಿಗೆ ಮರಣದಂಡನೆ. ಅವನ ಮನೆಯನ್ನು ಕೆಡವಿ ಆ ಜಾಗದಲ್ಲಿ ಅಪಕೀರ್ತಿಯ ಕಂಬವನ್ನು ನೆಡಿಸುವುದು. ಕುಲದ ಹೆಸರಿಗಾಗಿ ಕೊಲ್ಲುವವರಿಗೆ ಕುಲದ ಹೆಸರಿಗೇ ತಟ್ಟುವ ಶಿಕ್ಷೆ. ಕೆಲವೇ ವರ್ಷಗಳಲ್ಲಿ ಸೇಡಿನ ಕೊಲೆಗಳು ಗಣನೀಯವಾಗಿ ಇಳಿದವು. ದ್ವೀಪದ ಜನ ಮೊದಲ ಬಾರಿಗೆ ನ್ಯಾಯಕ್ಕಾಗಿ ಅಣ್ಣತಮ್ಮಂದಿರ ಮುಖ ನೋಡುವುದನ್ನು ಬಿಟ್ಟು ನ್ಯಾಯಾಧೀಶನ ಮುಖ ನೋಡಿದರು. ಪಾವೊಲಿಯ ಎಲ್ಲ ಯುದ್ಧಗಳಿಗಿಂತ ಇದು ದೊಡ್ಡ ಜಯವೆಂದು ನನ್ನ ಭಾವನೆ.

ಆ ಹದಿನಾಲ್ಕು ವರ್ಷಗಳ ಆಳ್ವಿಕೆಯಲ್ಲಿ ರೇವುಪಟ್ಟಣಗಳು ಅವನ ಕೈಗೆ ಬರಲೇ ಇಲ್ಲ. ಬಾಸ್ತಿಯಾ, ಅಜಾಕ್ಸಿಯೋ, ಕಾಲ್ವಿ ಮೊದಲಾದ ಕೋಟೆಗಳು ಜಿನೋವಾ ಅಥವಾ ಅದರ ಮಿತ್ರ ಫ್ರಾನ್ಸಿನ ಸೈನಿಕರ ವಶದಲ್ಲಿಯೇ ಉಳಿದವು. ಕಡಲಿನ ನಡುವಿನ ನಾಡಿಗೆ ಕಡಲಿನ ದಾರಿಯೇ ಮುಚ್ಚಿತ್ತು. ಆದ್ದರಿಂದ ಇಸೋಲಾ ರೊಸ್ಸಾ ಎಂಬ ಹೊಸ ಬಂದರನ್ನು ಕಟ್ಟಿಸಿದ. ಅಲ್ಲಿಗೆ ಬಂದು ನೆಲಸುವ ಯಹೂದಿಯರಿಗೆ ಉಳಿದವರಿಗಿರುವ ಹಕ್ಕುಗಳನ್ನೇ ಕೊಟ್ಟ. 1762ರಲ್ಲಿ ನಾಡಿನದೇ ನಾಣ್ಯವನ್ನು ಅಚ್ಚುಹಾಕಿಸಿದ. ಮುದ್ರಣಾಲಯ ತಂದು ಸುದ್ದಿಪತ್ರಿಕೆ ಹೊರಡಿಸಿದ. ಆಲೂಗೆಡ್ಡೆಯನ್ನು ಬೆಳೆಯಿರೆಂದು ರೈತರನ್ನು ಕಾಡಿ, ಆಲೂಗೆಡ್ಡೆಯ ದಂಡನಾಯಕನೆಂಬ ಅಡ್ಡಹೆಸರನ್ನೂ ಪಡೆದ. 1765ರ ಜನವರಿಯಲ್ಲಿ ಕೊರ್ತೆಯಲ್ಲಿ ವಿಶ್ವವಿದ್ಯಾಲಯವನ್ನು ತೆರೆದ. ಮತ ಹಾಕುವವನಿಗೆ ಓದು ಬೇಕು. ನ್ಯಾಯಾಧೀಶನಾಗುವವನಿಗೆ ಶಾಸ್ತ್ರ ಬೇಕು. ಇವಕ್ಕಾಗಿ ಮಕ್ಕಳನ್ನು ಕಡಲಾಚೆ ಕಳುಹಿಸುತ್ತಿರುವವರೆಗೆ ನಾಡು ತನ್ನದಾಗದು ಎಂಬುದು ಅವನ ವಿಚಾರ.

ಆ ಆಳ್ವಿಕೆಯಲ್ಲಿ ದೋಷವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ದಂಡನಾಯಕನ ಪದವಿ ಜೀವಾವಧಿಯದಾಗಿತ್ತು. ಸೇನೆ, ಕಾರ್ಯಾಂಗ ಎರಡೂ ಅವನ ಕೈಯಲ್ಲಿಯೇ ಇದ್ದವು. ಸಭೆಯ ಮೇಲೆ ಅವನ ಮಾತಿನ ತೂಕ ಎಷ್ಟಿತ್ತೆಂದರೆ, ಸಭೆ ಅವನನ್ನು ನಡೆಸಿತೋ ಅವನು ಸಭೆಯನ್ನು ನಡೆಸಿದನೋ ಎಂದು ಸಂಶಯ ಬರುವಷ್ಟು. ಶತ್ರು ಬಾಗಿಲಲ್ಲಿರುವಾಗ ಹೀಗಾಗುವುದು ಸಹಜವೆನ್ನಬಹುದು. ಆದರೂ ಒಬ್ಬನನ್ನೇ ನೆಚ್ಚಿದ ಸ್ವಾತಂತ್ರ್ಯಕ್ಕೆ ಒಂದು ದೌರ್ಬಲ್ಯ ತಪ್ಪದು. ಮುಂದಿನ ಕಥೆ ಅದನ್ನು ತೋರಿಸುತ್ತದೆ.

ಯೂರೋಪಿನ ಚಿಂತಕರ ಕಣ್ಣು ಇತ್ತ ಹರಿಯಿತು. 1762ರಲ್ಲಿಯೇ ರೂಸೋ ತನ್ನ ರಾಜಕೀಯ ಗ್ರಂಥದಲ್ಲಿ, ಒಳ್ಳೆಯ ಶಾಸನವನ್ನು ಪಡೆಯಬಲ್ಲ ದೇಶ ಯೂರೋಪಿನಲ್ಲಿ ಇನ್ನು ಉಳಿದಿದ್ದರೆ ಅದು ಕಾರ್ಸಿಕಾವೇ ಎಂಬ ಅಭಿಪ್ರಾಯ ಕೊಟ್ಟಿದ್ದ. ಎರಡು ವರ್ಷಗಳ ಮೇಲೆ ಕಾರ್ಸಿಕಾದ ಅಧಿಕಾರಿಯೊಬ್ಬ ಶಾಸನ ರಚನೆಗೆ ನೆರವಾಗಬೇಕೆಂದು ಅವನಿಗೆ ಪತ್ರ ಬರೆದ. ರೂಸೋ ಕೈಹಾಕಿದನಾದರೂ ಮುಗಿಸಲಿಲ್ಲ. ಅವನಿಂದ ಪರಿಚಯಪತ್ರ ಪಡೆದು 1765ರ ಅಕ್ಟೋಬರಿನಲ್ಲಿ ದ್ವೀಪಕ್ಕೆ ಬಂದವನು ತರುಣ ಬಾಸ್ವೆಲ್. ಪಾವೊಲಿ ಅವನನ್ನು ಗೂಢಚಾರನೆಂದೇ ಮೊದಲು ಶಂಕಿಸಿದ. ಕೆಲವು ದಿನಗಳಲ್ಲಿ ಶಂಕೆ ಸ್ನೇಹವಾಯಿತು. 1768ರಲ್ಲಿ ಬಾಸ್ವೆಲ್ ಪ್ರಕಟಿಸಿದ ಕಾರ್ಸಿಕಾ ವೃತ್ತಾಂತ ಪಾವೊಲಿಯ ಹೆಸರನ್ನು ಇಂಗ್ಲೆಂಡಿನ ಮನೆಮನೆಗೂ, ಅಟ್ಲಾಂಟಿಕ್ಕಿನಾಚೆಗೂ ಒಯ್ದಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂದಿಗೂ ಪಾವೊಲಿ ಎಂಬ ಊರಿದೆ. ಜಾನ್ಸನ್ನನ ಚರಿತ್ರೆಕಾರನಿಗೆ ಕೀರ್ತಿ ಮೊದಲು ಬಂದದ್ದು ಈ ಪುಸ್ತಕದಿಂದ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನಪಿಡಬೇಕು.

ಪುಸ್ತಕ ಹೊರಬಂದ ವರ್ಷವೇ ದ್ವೀಪ ಮಾರಾಟವಾಯಿತು. ಮಾರಾಟವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. 1768ರ ಮೇ 15ರಂದು ವರ್ಸೈಲ್ಸ್‌ನಲ್ಲಿ ಆದ ಒಪ್ಪಂದದಂತೆ, ಸಾಲದಲ್ಲಿ ಮುಳುಗಿದ್ದ ಜಿನೋವಾ ಕಾರ್ಸಿಕಾವನ್ನು ಫ್ರಾನ್ಸಿನ ಅರಸನಿಗೆ ಒಪ್ಪಿಸಿತು. ಕಾಗದದ ಮೇಲೆ ಅದು ಒತ್ತೆ; ತೀರಿಸಲಾಗದ ಸಾಲಕ್ಕೆ ಇಟ್ಟ ಒತ್ತೆ ಎಂಥದೆಂಬುದನ್ನು ನಮ್ಮ ಹಳ್ಳಿಯ ರೈತನೂ ಬಲ್ಲ. ಹದಿಮೂರು ವರ್ಷಗಳಿಂದ ತನ್ನ ಶಾಸನವನ್ನು ತಾನೇ ಮಾಡಿಕೊಂಡು, ತನ್ನ ನ್ಯಾಯಾಧೀಶರನ್ನೂ ನಾಣ್ಯವನ್ನೂ ಶಾಲೆಯನ್ನೂ ಹೊಂದಿದ್ದ ಜನತೆಯ ಒಬ್ಬ ಪ್ರತಿನಿಧಿಯೂ ಆ ಒಪ್ಪಂದದ ಮೇಜಿನ ಬಳಿ ಇರಲಿಲ್ಲ. ಮನುಷ್ಯರನ್ನು ಮಾರುವ ಹಕ್ಕು ಮನುಷ್ಯರಿಗುಂಟೇ ಎಂಬ ಪ್ರಶ್ನೆಯನ್ನು ಈ ಸಂದರ್ಭದಲ್ಲಿ ಎತ್ತಿದವನು ವಾಲ್ಟೇರ್, ಅದೂ ಫ್ರಾನ್ಸಿನವನೇ.

ಕಾರ್ಸಿಕಾ ಕಾದಿತು. 1768ರ ಅಕ್ಟೋಬರಿನಲ್ಲಿ ಬೋರ್ಗೋ ಎಂಬಲ್ಲಿ ಫ್ರೆಂಚರನ್ನು ಸೋಲಿಸಿತು. ಆದರೆ ಮುಂದಿನ ವಸಂತದಲ್ಲಿ ಫ್ರಾನ್ಸ್ ಇಪ್ಪತ್ತು ಸಾವಿರಕ್ಕೂ ಮೀರಿದ ಸೇನೆಯನ್ನು ಇಳಿಸಿತು. 1769ರ ಮೇ ತಿಂಗಳಲ್ಲಿ ಗೋಲೋ ನದಿಯ ಮೇಲಿನ ಪೊಂತೆ ನೋವು ಸೇತುವೆಯ ಬಳಿ ಕದನ ಮುಗಿಯಿತು. ಸೇತುವೆಯನ್ನು ಕಾಯುತ್ತಿದ್ದ ಸಂಬಳದ ಸೈನಿಕರು ಹಿಮ್ಮೆಟ್ಟಿ ಬರುತ್ತಿದ್ದ ಕಾರ್ಸಿಕದವರ ಮೇಲೆಯೇ ಗುಂಡು ಹಾರಿಸಿದರು. ಪಾವೊಲಿ ಆ ದಿನ ಖುದ್ದಾಗಿ ಸೇತುವೆಯ ಬಳಿ ಇರಲಿಲ್ಲ. ಜೂನ್ 13ರಂದು ನೂರಾರು ಮಂದಿ ಅನುಯಾಯಿಗಳೊಡನೆ ಇಂಗ್ಲಿಷರ ಹಡಗುಗಳನ್ನೇರಿ ದ್ವೀಪವನ್ನು ಬಿಟ್ಟ. ಅವನ ಕಾರ್ಯದರ್ಶಿಯಾಗಿದ್ದ ಕಾರ್ಲೋ ಬೊನಪಾರ್ತೆ ಎಂಬ ತರುಣ ಹಿಂದೆ ಉಳಿದು ಹೊಸ ಒಡೆಯರೊಡನೆ ರಾಜಿಯಾದ. ಆಗಸ್ಟ್ 15ರಂದು ಆ ಕಾರ್ಲೋನಿಗೆ ಗಂಡುಮಗು ಹುಟ್ಟಿತು. ಆ ಮಗುವೇ ನೆಪೋಲಿಯನ್.

ಲಂಡನ್ನಿನಲ್ಲಿ ಪಾವೊಲಿಗೆ ವೀರಸ್ವಾಗತ ದೊರೆಯಿತು. ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 1,200 ಪೌಂಡುಗಳ ವೇತನವನ್ನು ಗೊತ್ತುಮಾಡಿದ. ಬಾಸ್ವೆಲ್ ಅವನನ್ನು ಜಾನ್ಸನ್ನನಿಗೆ ಪರಿಚಯಿಸಿ, ಇಬ್ಬರ ನಡುವೆ ದುಭಾಷಿಯಾಗಿ ನಿಂತ. ಅವನನ್ನು ಕ್ರಾಂತಿಕಾರಿಯೆಂದು ಎದುರುನೋಡಿದ್ದ ಇಂಗ್ಲಿಷ್ ತೀವ್ರವಾದಿಗಳಿಗೆ ಅರಸನ ವೇತನ ಉಣ್ಣುವ ಪಾವೊಲಿ ನಿರಾಶೆ ತಂದ. ಇಪ್ಪತ್ತೊಂದು ವರ್ಷ ಹೀಗೆ ಸಾಗಿತು. ನಾನು ಬಿ.ಎ. ತರಗತಿಯಲ್ಲಿ ಕಂಡ ಹಿರಿಯ ಗೃಹಸ್ಥ ಈ ಕಾಲದವನು. ಈಗ ಆ ಪುಟಗಳನ್ನು ತೆರೆದರೆ ಔತಣದ ಸಂಭ್ರಮದ ಹಿಂದೆ, ಊರಿನ ಹಡಗಿಗಾಗಿ ಕಾದು ಕುಳಿತವನ ಮೌನ ನನಗೆ ಕಾಣುತ್ತದೆ.

ಹಡಗು ಬಂದದ್ದು ಫ್ರಾನ್ಸಿನ ಕ್ರಾಂತಿಯ ರೂಪದಲ್ಲಿ. 1789ರ ನವೆಂಬರ್ 30ರಂದು ರಾಷ್ಟ್ರೀಯ ಸಭೆ ಕಾರ್ಸಿಕಾವನ್ನು ಫ್ರಾನ್ಸಿನ ಅವಿಭಾಜ್ಯ ಅಂಗವೆಂದು ಘೋಷಿಸಿ, ಉಳಿದ ಪ್ರಜೆಗಳಿಗಿರುವ ಹಕ್ಕುಗಳೇ ದ್ವೀಪದವರಿಗೂ ಸಲ್ಲುವುವೆಂದು ಸಾರಿತು, ದೇಶಭ್ರಷ್ಟರು ಮರಳಬಹುದೆಂದಿತು. ಪಾವೊಲಿ ಪ್ಯಾರಿಸಿನಲ್ಲಿ ಸಭೆಯ ಮುಂದೆ ನಿಂತು ವಂದಿಸಿದ. 1790ರ ಜುಲೈಯಲ್ಲಿ ದ್ವೀಪದ ಉತ್ತರ ತುದಿಯಲ್ಲಿ ಇಳಿದು ನೆಲವನ್ನು ಮುತ್ತಿಟ್ಟ. ಜನ ಅವನನ್ನೇ ಮತ್ತೆ ಮುಖ್ಯಸ್ಥನನ್ನಾಗಿ ಆರಿಸಿದರು. ಒಡೆಯ ಬದಲಾಗಿರಲಿಲ್ಲ, ಒಡೆತನದ ಬದಲು ಸಮಾನತೆ ಬಂದಿತೆಂದು ಎಲ್ಲರೂ ನಂಬಿದರು.

ಆ ನಂಬಿಕೆ ಮೂರು ವರ್ಷ ಬಾಳಿತು. ಅರಸನ ಶಿರಚ್ಛೇದ, ಚರ್ಚಿನ ಮೇಲಿನ ಬಲಾತ್ಕಾರ ಇವು ಪಾವೊಲಿಗೆ ಒಪ್ಪಿಗೆಯಾಗಲಿಲ್ಲ. 1793ರ ಆರಂಭದಲ್ಲಿ ಸಾರ್ಡಿನಿಯಾದ ಮೇಲೆ ಕಳುಹಿಸಿದ ದಂಡು ಸೋತು ಬಂದಾಗ ದೂಷಣೆ ಅವನ ತಲೆಗೆ ಬಂದಿತು. ಕಾರ್ಲೋನ ಇನ್ನೊಬ್ಬ ಮಗ ಲೂಸಿಯನ್ ಮಾಡಿದ ಆಪಾದನೆಯೂ ಸೇರಿ, ಅವನ ಬಂಧನಕ್ಕೆ ಪ್ಯಾರಿಸಿನಿಂದ ಆಜ್ಞೆ ಹೊರಟಿತು. ಅರವತ್ತೆಂಟರ ವೃದ್ಧನಿಗೆ ವಿಚಾರಣೆಯಿಲ್ಲದೆ ದಂಡನೆ! ಜಿನೋವಾದ ಗವರ್ನರನ ಅಂತಃಕರಣ ವೇಷ ಬದಲಿಸಿಕೊಂಡು ಮರಳಿ ಬಂದಿತ್ತು.

ಕೊರ್ತೆಯ ಮಹಾಸಭೆ ಪಾವೊಲಿಯ ಪರವಾಗಿ ನಿಂತಿತು. ಅದೇ ಸಭೆ ಬೊನಪಾರ್ತೆ ಮನೆತನಕ್ಕೆ ಅಪಕೀರ್ತಿಯ ಶಿಕ್ಷೆ ವಿಧಿಸಿತು, ಅಜಾಕ್ಸಿಯೋದ ಅವರ ಮನೆ ಲೂಟಿಯಾಯಿತು, ಕುಟುಂಬ ಓಡಿಹೋಯಿತು. ಒಬ್ಬನ ತಪ್ಪಿಗೆ ಮನೆತನವನ್ನೇ ದಂಡಿಸುವ ಪದ್ಧತಿಯ ವಿರುದ್ಧ ಬಾಳೆಲ್ಲ ಹೋರಾಡಿದವನ ಕಣ್ಣೆದುರಿಗೆ ಹೀಗಾಯಿತು. ಅವನನ್ನು ಮೆಚ್ಚುವವರು ಈ ಪುಟವನ್ನು ಹಾರಿಸಿ ಓದಬಾರದು.

ಫ್ರಾನ್ಸಿನ ಎದುರು ಒಂಟಿಯಾಗಿ ನಿಲ್ಲಲಾರದೆ ಪಾವೊಲಿ ಇಂಗ್ಲೆಂಡನ್ನು ಕರೆದ. 1794ರಲ್ಲಿ ಇಂಗ್ಲಿಷರು ರೇವುಕೋಟೆಗಳನ್ನು ಗೆದ್ದರು. ಕಾಲ್ವಿಯ ಮುತ್ತಿಗೆಯಲ್ಲಿಯೇ ನೆಲ್ಸನ್ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡದ್ದು. ಆ ಜೂನ್‌ನಲ್ಲಿ ಹೊಸ ಸಂವಿಧಾನ ಬಂದಿತು. ಚುನಾಯಿತ ಪಾರ್ಲಿಮೆಂಟೇನೋ ಇತ್ತು. ಆದರೆ ಜಾರ್ಜನೇ ದೊರೆ, ಗಿಲ್ಬರ್ಟ್ ಎಲಿಯಟ್ ವೈಸ್‌ರಾಯ್. ಮತದಾನಕ್ಕೆ ಆಸ್ತಿಯ ನಿಬಂಧನೆಯೂ ಬಂದಿತು. 1755ರಲ್ಲಿ ಹಕ್ಕು ಹಳ್ಳಿಯಿಂದ ಮೇಲಕ್ಕೆ ಏರಿತ್ತು. ಈಗ ಅರಮನೆಯಿಂದ ಕೆಳಕ್ಕೆ ಇಳಿಯಿತು. ಒಂದೇ ನಾಡಿನಲ್ಲಿ ಇಬ್ಬರು ಒಡೆಯರಿಗೆ ಎಡೆಯಿಲ್ಲವೆಂದು ಎಲಿಯಟ್ ಲಂಡನ್ನಿಗೆ ಮನಗಾಣಿಸಿದ. 1795ರ ಅಕ್ಟೋಬರಿನಲ್ಲಿ ಪಾವೊಲಿ ದ್ವೀಪವನ್ನು ಬಿಟ್ಟುಹೋದ. ಮತ್ತೆ ಅದನ್ನು ನೋಡಲಿಲ್ಲ. ಒಂದು ವರ್ಷದೊಳಗೆ, ಯುದ್ಧದ ಲೆಕ್ಕಾಚಾರ ಬದಲಾದೊಡನೆ, ಇಂಗ್ಲಿಷರೂ ದ್ವೀಪವನ್ನು ಬಿಟ್ಟು ಹೊರಟರು. ಈ ಸಲವೂ ಜನರನ್ನು ಯಾರೂ ಕೇಳಲಿಲ್ಲ.

1807ರ ಫೆಬ್ರವರಿ 5ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಪಾವೊಲಿ ಲಂಡನ್ನಿನಲ್ಲಿ ತೀರಿಕೊಂಡ. ತನ್ನ ಕಾರ್ಯದರ್ಶಿಯ ಮಗ ಯೂರೋಪಿನ ಅರ್ಧವನ್ನು ಆಳುತ್ತಿರುವುದನ್ನು ಕಂಡೇ ಸತ್ತ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನ ಪ್ರತಿಮೆಯನ್ನಿರಿಸಿದರು. ಅವನು ಬಿಟ್ಟುಹೋದ ಉಯಿಲಿನಲ್ಲಿ ಹುಟ್ಟೂರಾದ ಮೊರೊಸಾಲ್ಯಾದಲ್ಲಿ ಶಾಲೆಯೊಂದಕ್ಕೂ, ಕೊರ್ತೆಯಲ್ಲಿ ಅಧ್ಯಾಪಕರ ವೇತನಕ್ಕೂ ಹಣವಿತ್ತು. 1889ರಲ್ಲಿ ಅವನ ಅಸ್ಥಿಗಳನ್ನು ಊರಿಗೆ ತಂದು, ಹುಟ್ಟಿದ ಮನೆಯಲ್ಲಿಯೇ ಇರಿಸಿದರು.

ಕಾರ್ಸಿಕಾ ಇಂದಿಗೂ ಫ್ರಾನ್ಸಿನ ಭಾಗ. ಅಲ್ಲಿನವರು ಫ್ರಾನ್ಸಿನ ಪ್ರಜೆಗಳಾಗಿ ಮತ ಹಾಕುತ್ತಾರೆ. 1982ರಲ್ಲಿ ದ್ವೀಪಕ್ಕೆ ತನ್ನದೇ ಚುನಾಯಿತ ಸಭೆಯೂ ಬಂದಿತು. ಆದರೆ 1991ರಲ್ಲಿ ಶಾಸನವೊಂದು ಕಾರ್ಸಿಕಾದ ಜನತೆ ಎಂಬ ಮಾತನ್ನು ಬಳಸಿದಾಗ, ಗಣರಾಜ್ಯದಲ್ಲಿ ಫ್ರೆಂಚ್ ಜನತೆಯೊಂದೇ ಉಂಟೆಂದು ಹೇಳಿ ಸಂವಿಧಾನ ಪರಿಷತ್ತು ಅದನ್ನು ತೆಗೆದುಹಾಕಿತು. ವ್ಯಕ್ತಿಗೆ ಸಲ್ಲುವ ಹಕ್ಕುಗಳೆಲ್ಲ ಸಂದ ಮೇಲೂ ಒಂದು ಸಮುದಾಯ ತಾನು ಯಾರೆಂದು ಹೇಳಿಕೊಳ್ಳುವ ಹಕ್ಕಿನ ಪ್ರಶ್ನೆ ಹೀಗೆ ಉಳಿದುಕೊಂಡಿದೆ. ಕೊರ್ತೆಯ ಸಭೆ 1755ರಲ್ಲಿ ಮೊದಲು ಬರೆದದ್ದು ಆ ಮಾತನ್ನೇ.

ನನ್ನ ವಿದ್ಯಾರ್ಥಿಗೆ ನಾನು ಹೇಳಬೇಕಾದದ್ದು ಇಷ್ಟು. ಪಾವೊಲಿ ಸೋತದ್ದು ನಿಜ. ದ್ವೀಪದೊಳಗೆ ಅವನು ಮಾಡಿದ ಕಾನೂನು ಕಡಲಾಚೆಯ ಬಲಶಾಲಿಗಳನ್ನು ಕಟ್ಟಿಹಾಕಲಾರದಾಯಿತು. ದೊಡ್ಡವರ ಆಶ್ರಯದಲ್ಲಿ ಹಕ್ಕನ್ನು ಉಳಿಸಿಕೊಳ್ಳಲು ಎರಡು ಸಲ ಯತ್ನಿಸಿದ. ಎರಡು ಸಲವೂ ಆಶ್ರಯ ಕೊಟ್ಟವರು ತಮಗೆ ಬೇಡವಾದಾಗ ಕೈಬಿಟ್ಟರು. ಆದರೆ ಹದಿನಾಲ್ಕು ವರ್ಷ ಒಂದು ಸಣ್ಣ ನಾಡಿನ ಸಾಮಾನ್ಯರು ಚೂರಿಯನ್ನು ಕೆಳಗಿಟ್ಟು ಸಭೆಯಲ್ಲಿ ಕುಳಿತಿದ್ದರಲ್ಲ, ಅದು ನಡೆದದ್ದೂ ನಿಜ. ಆ ಅನುಭವವನ್ನು ಯಾವ ಒಪ್ಪಂದವೂ ಮಾರಲಾರದೆ ಹೋಯಿತು.

ಫ್ರೆಂಚರು ಬಂದಾಗ ಮುಚ್ಚಿದ ಕೊರ್ತೆಯ ವಿಶ್ವವಿದ್ಯಾಲಯ ಎರಡು ಶತಮಾನಗಳಿಗೂ ಮೀರಿ ಮುಚ್ಚಿಯೇ ಇತ್ತು. 1981ರಲ್ಲಿ ಅದು ಮತ್ತೆ ತೆರೆಯಿತು. ಇಂದು ಅದಕ್ಕೆ ಪಾಸ್ಕ್ವಾಲೆ ಪಾವೊಲಿಯ ಹೆಸರಿದೆ. ಅಲ್ಲಿಯೂ ಈ ಹೊತ್ತು ಯಾವನೋ ವಿದ್ಯಾರ್ಥಿ ಎದ್ದು ನಿಂತು ತನ್ನ ಅಧ್ಯಾಪಕನಿಗೆ ಇದೇ ಪ್ರಶ್ನೆಯನ್ನು ಕೇಳುತ್ತಿರಬಹುದು.